ಧಾರವಾಡದ ಆ ಹುಡುಗ, ರಮಾತಾಯಿಯ ಬಳೆ ಮತ್ತು ನಮ್ಮ ಕೇರಿಯ ಮಕ್ಕಳು



ಪೋಸ್ಟು ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

ಹೋದ ವಾರ ನಮ್ಮ ತಾಲೂಕಿನ ಒಂದು ಸಭೆಗೆ ಹೋಗಿದ್ದೆ. ಶಾಲೆ ಬಿಟ್ಟ ಮಕ್ಕಳನ್ನು ವಾಪಸ್ ಕರೆತರೋದರ ಬಗ್ಗೆ ಸಭೆ. ಚಹಾ ಕುಡಿಯೋ ಹೊತ್ತಿಗೆ ಒಬ್ಬ ಮೇಷ್ಟ್ರು ನನ್ನ ಪಕ್ಕ ಕೂತು ಹೇಳಿದರು: "ನೋಡ್ರಿ ಸರ, ಬಿಸಿಯೂಟ ಐತಿ, ಪುಸ್ತಕ ಪುಗಸಟ್ಟೆ, ಬಟ್ಟಿ ಪುಗಸಟ್ಟೆ. ಇಷ್ಟೆಲ್ಲಾ ಕೊಟ್ರೂ ನಿಮ್ಮ ಮಂದಿ ಮಕ್ಕಳನ್ನ ಬಿಡಸ್ತಾರ. ಅವರಿಗೆ ಓದಿನ ಕಿಮ್ಮತ್ತು ಗೊತ್ತಿಲ್ಲ."

ಅವರು ಕೆಟ್ಟ ಮನುಷ್ಯ ಅಲ್ಲ. ಬೇಸರದಿಂದಲೇ ಹೇಳಿದರು. ಆದರೆ ಆ ಕೊನೆಯ ಮಾತು ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿದೆ. ಓದಿನ ಕಿಮ್ಮತ್ತು ಗೊತ್ತಿಲ್ಲವಾ? ನಮಗಾ? ಅವತ್ತು ಸಭೆ ಶುರುವಾಯ್ತು, ಉತ್ತರ ಹೇಳೋಕೆ ಆಗಲಿಲ್ಲ. ಇಲ್ಲಿ ಹೇಳ್ತೀನಿ. ಉತ್ತರ ಸುಮಾರು 170 ವರ್ಷ ಹಿಂದೆ, ಇದೇ ಧಾರವಾಡದಲ್ಲಿ ಶುರುವಾಗುತ್ತೆ.

1856ರ ಜೂನ್. ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ತನ್ನನ್ನು ಸೇರಿಸಿಕೊಳ್ಳಿ ಅಂತ ಕೇಳಿದ. ಶಾಲೆ ಸರ್ಕಾರದ್ದು, ದುಡ್ಡು ಸರ್ಕಾರದ್ದು. ಆದರೂ ಬಾಗಿಲು ತೆರೀಲಿಲ್ಲ. ಅರ್ಜಿ ಮುಂಬೈ ಸರ್ಕಾರದ ತನಕ ಹೋಯ್ತು. ಜುಲೈ ತಿಂಗಳಲ್ಲಿ ಉತ್ತರ ಬಂತು. ಅದರ ಸಾರಾಂಶ ಇಷ್ಟು: ನ್ಯಾಯ ಹುಡುಗನ ಕಡೆಗೇ ಇದೆ. ಆದರೆ ಇಲ್ಲಿಯವರೆಗೆ ಹೀಗೆ ಕೇಳಿದವನು ಇವನೊಬ್ಬನೇ. ಈ ಒಬ್ಬನನ್ನು ಒಳಗೆ ಬಿಟ್ಟರೆ ಮಿಕ್ಕ ಜಾತಿಯವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋಗಿ ಶಾಲೆಯೇ ನಿಂತುಹೋಗಬಹುದು. ಹಾಗಾಗಿ ಆಗೋದಿಲ್ಲ.

ಮರುವರ್ಷ ಭಾರತ ಸರ್ಕಾರ ಈ ತೀರ್ಮಾನದ ಬಗ್ಗೆ ಕೇಳಿತು, ಬಂಗಾಳದಲ್ಲಾಗಿದ್ದರೆ ಹೀಗೆ ನಿರಾಕರಿಸುತ್ತಿರಲಿಲ್ಲ ಅನ್ನೋ ಅರ್ಥದಲ್ಲಿ ಬರೆಯಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರಿ ಶಾಲೆಗಳು ಎಲ್ಲಾ ವರ್ಗದವರಿಗೂ ತೆರೆದಿರಬೇಕು ಅಂತ ಹೇಳಿದರು. ಧಾರವಾಡ, ಮುಂಬೈ, ಕಲ್ಕತ್ತಾ, ಲಂಡನ್. ಒಂದು ಹುಡುಗನ ಅಡ್ಮಿಶನ್ನಿಗೆ ಕಾಗದ ಅರ್ಧ ಭೂಮಿ ಸುತ್ತಿತು. ತತ್ವ ಗೆದ್ದಿತು. ಹುಡುಗ ಮಾತ್ರ ಆ ಜೂನ್ ತಿಂಗಳಲ್ಲಿ ಬಾಗಿಲ ಹೊರಗೇ ನಿಂತ.

ಈ ಕಥೆಯನ್ನು ಕಡತದಿಂದ ಹೊರಗೆಳೆದು 1928ರಲ್ಲಿ ಸೈಮನ್ ಕಮಿಷನ್ ಮುಂದೆ ಇಟ್ಟವರು ಬಾಬಾಸಾಹೇಬರು. ಆ ದಾಖಲೆಯಲ್ಲಿ ಹುಡುಗನ ಹೆಸರಿಲ್ಲ. ಬರೀ ಒಬ್ಬ ಮಹಾರ್ ಹುಡುಗ. ನಾನು ಧಾರವಾಡದಲ್ಲಿ ಓದಿದವನು. ಆ ಊರಿನ ರಸ್ತೆಯಲ್ಲಿ ಓಡಾಡುವಾಗ ಎಷ್ಟೋ ಸಲ ಅವನ ನೆನಪಾಗಿದೆ. ಕಿಮ್ಮತ್ತು ಗೊತ್ತಿಲ್ಲ ಅನ್ನೋರಿಗೆ ನನ್ನ ಮೊದಲ ಉತ್ತರ ಅವನೇ. ಹಿಂದೆ ಯಾರೂ ಇಲ್ಲದೆ, ಮುಂದೆ ಯಾರೂ ಇಲ್ಲದೆ, ಒಬ್ಬನೇ ಹೋಗಿ ಕೇಳಿದವನು.

ಈಗ ಎರಡನೇ ಉತ್ತರ. ಇದು ಲೆಕ್ಕದ್ದು.

ಬಾಬಾಸಾಹೇಬರು ಅದೇ ಹೇಳಿಕೆಯಲ್ಲಿ 1881-82ರ ಅಂಕಿ ಕೊಡ್ತಾರೆ. ಇಡೀ ಮುಂಬೈ ಪ್ರಾಂತ್ಯದ ಪ್ರಾಥಮಿಕ ಶಾಲೆಗಳಲ್ಲಿ, ಸರ್ಕಾರ 'ಕೆಳಜಾತಿ' ಅಂತ ಬರೆದುಕೊಂಡಿದ್ದ ಮಕ್ಕಳು 2,862. ಮಿಡ್ಲ್ ಸ್ಕೂಲಿಗೆ ಬಂದರೆ 17. ಹೈಸ್ಕೂಲಿನಲ್ಲಿ ಸೊನ್ನೆ. ಕಾಲೇಜಿನಲ್ಲಿ ಸೊನ್ನೆ.

ಇದನ್ನ ಎರಡು ಸಲ ಓದಿ. ನಾವು ಸಾಮಾನ್ಯವಾಗಿ 'ಶಾಲೆಗೆ ಬಿಡಲಿಲ್ಲ' ಅನ್ನೋ ಇತಿಹಾಸ ಮಾತ್ರ ಹೇಳ್ತೀವಿ. ಅದು ನಿಜ. ಆದರೆ ಅರ್ಧ ನಿಜ. 2,862 ಮಕ್ಕಳು ಹೇಗೋ ಒಳಗೆ ಬಂದಿದ್ದರು. ಒಳಗೆ ಬಂದ ಮೇಲೆ ಅವರು ಎಲ್ಲಿ ಹೋದರು? ಬಾಗಿಲು ದಾಟಿಸೋದು ಒಂದು ಹೋರಾಟ, ಒಳಗೆ ಉಳಿಸೋದು ಇನ್ನೊಂದು. ಎರಡನೆಯದರ ಇತಿಹಾಸ ನಮ್ಮಲ್ಲೇ ಕಮ್ಮಿ ಮಂದಿಗೆ ಗೊತ್ತು.

ಬಾಬಾಸಾಹೇಬರಿಗೆ ಗೊತ್ತಿತ್ತು. 1927ರ ಮಾರ್ಚ್‌ನಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಶಿಕ್ಷಣದ ಬಜೆಟ್ ಮೇಲೆ ಮಾತಾಡುವಾಗ ಅವರು ಇದನ್ನೇ ಎತ್ತಿದರು. ಪ್ರಾಥಮಿಕ ಶಾಲೆಗೆ ಸೇರುವ 100 ಮಕ್ಕಳಲ್ಲಿ ನಾಲ್ಕನೇ ತರಗತಿ ಮುಟ್ಟೋರು 18 ಮಾತ್ರ, ಉಳಿದ 82 ಮಕ್ಕಳು ಮತ್ತೆ ಅನಕ್ಷರತೆಗೇ ಜಾರಿ ಬೀಳ್ತಾರೆ ಅಂತ ಲೆಕ್ಕ ಮುಂದಿಟ್ಟರು. ದಾಖಲಾತಿ ಎಷ್ಟಾಯ್ತು ಅಂತ ಬೆನ್ನು ತಟ್ಟಿಕೊಳ್ಳೋ ಸರ್ಕಾರಕ್ಕೆ ಅವರು ಕೇಳಿದ್ದು ಒಂದೇ: ಎಷ್ಟು ಮಕ್ಕಳು ಉಳಿದರು? ಇವತ್ತಿಗೂ ಪ್ರತಿ ಜೂನ್‌ನಲ್ಲಿ ನಮ್ಮ ಶಾಲೆಗಳಲ್ಲಿ ತೋರಣ ಕಟ್ಟಿ ದಾಖಲಾತಿ ಆಂದೋಲನ ಮಾಡ್ತಾರೆ. ಒಳ್ಳೇದು. ಆದರೆ ಮಾರ್ಚ್‌ನಲ್ಲಿ ತೋರಣ ಕಟ್ಟಿ ಉಳಿದವರನ್ನ ಎಣಿಸಿದ್ದು ನಾನಂತೂ ನೋಡಿಲ್ಲ.

ಉಳಿಸೋದು ಹೇಗೆ ಅನ್ನೋದಕ್ಕೆ ನಮ್ಮ ನೆಲದಲ್ಲೇ ಪಾಠಗಳಿವೆ.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಹುಟ್ಟಿನಿಂದ ಸಾರಸ್ವತ ಬ್ರಾಹ್ಮಣರು. ತಮ್ಮ ಜನರಿಂದ ಬಹಿಷ್ಕಾರ ಉಂಡರು. ಬರೀ ಶಾಲೆ ತೆರೆದರೆ ಮಕ್ಕಳು ಬರಲ್ಲ, ಮಗು ಶಾಲೆಗೆ ಬಂದರೆ ಮನೆಗೆ ಒಂದು ಕೂಲಿ ತಪ್ಪುತ್ತೆ ಅನ್ನೋದು ಅವರಿಗೆ ಅರ್ಥವಾಗಿತ್ತು. ಅದಕ್ಕೇ ಮಗುವನ್ನ ಕಳಿಸಿದರೆ ದಿನಕ್ಕೆ ಎರಡು ಪೈಸೆ ಕೊಡ್ತಿದ್ದರು ಅಂತ ಆ ಕಡೆಯ ಜನ ಇವತ್ತಿಗೂ ಹೇಳ್ತಾರೆ. ತನ್ನ ಶಾಲೆಯಲ್ಲಿ ಓದಿದ ಮಗು ದೊಡ್ಡ ಹುದ್ದೆ ಹಿಡಿದು ಕಾರಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅನ್ನೋ ಅವರ ಆಸೆ ಎಲ್ಲರಿಗೂ ಗೊತ್ತು. ನನಗೆ ಧೂಳಿಗಿಂತ ಆ ಎರಡು ಪೈಸೆ ದೊಡ್ಡದಾಗಿ ಕಾಣುತ್ತೆ. ಬಡತನಕ್ಕೆ ಉಪದೇಶ ಕೊಡದೆ ಕೂಲಿ ಕಟ್ಟಿಕೊಟ್ಟ ಲೆಕ್ಕ ಅದು.

ಕೊಲ್ಹಾಪುರದ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ, ಕಡ್ಡಾಯ ಮಾಡಿದರು. ಅದಕ್ಕೂ ಮುಂಚೆಯೇ ಹಾಸ್ಟೆಲುಗಳನ್ನ ಕಟ್ಟಿಸಿದ್ದರು. ಹಳ್ಳಿ ಮಗು ಪೇಟೆ ಶಾಲೆಗೆ ಬಂದರೆ ರಾತ್ರಿ ಎಲ್ಲಿ ಮಲಗಬೇಕು ಅನ್ನೋದನ್ನ ಯೋಚನೆ ಮಾಡಿದ ರಾಜ ಅವರು. ನಮ್ಮ ಮೈಸೂರು ಸಂಸ್ಥಾನದಲ್ಲಿ 1915ರಲ್ಲಿ ಸರ್ಕಾರಿ ಶಾಲೆಗಳು ಪಂಚಮರ ಮಕ್ಕಳಿಗೂ ತೆರೆದಿರಬೇಕು ಅಂತ ಆದೇಶ ಆಯ್ತು. ಆದೇಶ ಆದ ಕೂಡಲೇ ಸವರ್ಣರು ತಮ್ಮ ಮಕ್ಕಳನ್ನ ಬಿಡಿಸಿಕೊಂಡು ಹೋದರು. 1856ರಲ್ಲಿ ಮುಂಬೈ ಸರ್ಕಾರ ಯಾವುದಕ್ಕೆ ಹೆದರಿತ್ತೋ ಅದೇ ಆಯ್ತು. ವ್ಯತ್ಯಾಸ ಏನಂದ್ರೆ ಮೈಸೂರು ಸರ್ಕಾರ ಬಾಗಿಲು ಮುಚ್ಚಲಿಲ್ಲ. ಸರ್ಕಾರಕ್ಕೆ ಮನಸ್ಸಿದ್ದರೆ ಆಗುತ್ತೆ ಅನ್ನೋದಕ್ಕೆ ಇಷ್ಟು ಸಾಕು.

ಈಗ ಬಾಬಾಸಾಹೇಬರ ಕಡೆ ಬರೋಣ.

ಅವರು ಮನೆಯಿಂದ ಗೋಣಿತಟ್ಟು ತಗೊಂಡು ಹೋಗಿ ಮೂಲೆಯಲ್ಲಿ ಕೂತು ಓದಿದ್ದು, ಜವಾನ ಬಂದು ಮೇಲಿಂದ ನೀರು ಹುಯ್ಯದಿದ್ದರೆ ಬಾಯಾರಿಕೊಂಡೇ ಇರಬೇಕಾಗಿದ್ದದ್ದು ನಿಮಗೆಲ್ಲಾ ಗೊತ್ತು. ಅಷ್ಟೆಲ್ಲಾ ಆದ್ರೂ ಅವರು ಶಾಲೆ ಬಿಡಲಿಲ್ಲ. ಅವರ ಜಾಣತನದಿಂದ ಅಂತ ನಾವು ಹೇಳ್ತೀವಿ. ಜಾಣತನ ಇತ್ತು, ಸರಿ. ಆದರೆ ಅವರ ಹಿಂದೆ ಯಾರ್ಯಾರು ನಿಂತಿದ್ದರು ನೋಡಿ. ಪುಸ್ತಕಕ್ಕೆ ದುಡ್ಡಿಲ್ಲದಾಗ ಮಗಳ ಒಡವೆ ಅಡವಿಟ್ಟು ತಂದುಕೊಟ್ಟ ಅಪ್ಪ ರಾಮ್‌ಜಿ ಸಕ್ಪಾಲ್. ಚರ್ನಿ ರೋಡ್ ಪಾರ್ಕಿನಲ್ಲಿ ದಿನಾ ಕೂತು ಓದೋ ಹುಡುಗನನ್ನ ಗುರುತಿಸಿ ಮಾತಾಡಿಸಿದ ಕೆಳುಸ್ಕರ್ ಗುರುಗಳು. ಅವರ ಮೂಲಕ ಬರೋಡಾ ಮಹಾರಾಜರ ತಿಂಗಳಿಗೆ 25 ರೂಪಾಯಿ ಸ್ಕಾಲರ್‌ಶಿಪ್. ಇದರಲ್ಲಿ ಒಂದು ಕೊಂಡಿ ಕಳಚಿದ್ದರೂ ಭೀಮರಾವ್ ಅನ್ನೋ ಹುಡುಗ ಮುಂಬೈಯ ಯಾವುದೋ ಗಿರಣಿಯಲ್ಲಿ ಕಳೆದುಹೋಗ್ತಿದ್ದ. ಅದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಅವರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಮೊದಲು ಕೈಹಾಕಿದ ಕೆಲಸಗಳಲ್ಲಿ ಹಾಸ್ಟೆಲ್ ಒಂದು. 1925ರ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಅದು ಶುರುವಾಯ್ತು. ಅಲ್ಲಿನ ಹುಡುಗರು ತಾವೇ ಒಂದು ಮಾಸಪತ್ರಿಕೆ ನಡೆಸ್ತಿದ್ದರು. ಮಹಾಡಿನ ಕೆರೆ ಸತ್ಯಾಗ್ರಹ 1927ರದ್ದು. ಕೆರೆಗೆ ಹೋಗೋದಕ್ಕೂ ಎರಡು ವರ್ಷ ಮುಂಚೆ ಅವರು ಮಕ್ಕಳಿಗೆ ಊಟ, ಹಾಸಿಗೆ, ದೀಪದ ವ್ಯವಸ್ಥೆ ಮಾಡಿದ್ದರು. ಈ ಕ್ರಮ ನಾವು ಗಮನಿಸಬೇಕು ಗೆಳೆಯರೇ.

1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ. ಅದರ ಮೂಲಕ ಬೇರೆ ಬೇರೆ ಊರುಗಳಲ್ಲಿ ಹಾಸ್ಟೆಲುಗಳು. ಅದರಲ್ಲಿ ಒಂದು 1929ರಲ್ಲಿ ಶುರುವಾಯ್ತು. ಯಾವ ಊರಲ್ಲಿ?

ಧಾರವಾಡದಲ್ಲಿ.

1856ರಲ್ಲಿ ಒಬ್ಬ ಹುಡುಗನಿಗೆ ಜಾಗ ಇಲ್ಲ ಅಂದ ಊರಲ್ಲಿ, 73 ವರ್ಷ ಆದಮೇಲೆ, ಅವನ ಹಾಗಿನ ಹುಡುಗರಿಗೆ ಅಂತಲೇ ಒಂದು ಸೂರು. ಬಾಬಾಸಾಹೇಬರು ಆ ಹಳೆಯ ಅರ್ಜಿಯ ಕಥೆಯನ್ನ ಕಮಿಷನ್ ಮುಂದೆ ಬರೆದಿಟ್ಟ ಮರುವರ್ಷವೇ ಇದಾಯ್ತು. ನಿರಾಕರಣೆಯ ಕಾಗದಕ್ಕೆ ಅವರು ಕಟ್ಟಡದಲ್ಲಿ ಉತ್ತರ ಬರೆದರು ಅಂತ ನನಗನಿಸುತ್ತೆ. ಇವತ್ತು ಧಾರವಾಡದಲ್ಲಿರೋ ಬುದ್ಧರಕ್ಕಿತ ವಸತಿ ಶಾಲೆಯ ಬೇರು ಅಲ್ಲೇ ಇದೆ.

ಈ ಹಾಸ್ಟೆಲ್ಲನ್ನ ನೋಡಿಕೊಳ್ತಿದ್ದವರು ಬಲವಂತರಾವ್ ವರಾಳೆ. ಬಾಬಾಸಾಹೇಬರ ಜೊತೆಗಾರರು. ಅವರು ಬರೆದಿಟ್ಟ ನೆನಪುಗಳಲ್ಲಿ ಒಂದು ಘಟನೆ ಇದೆ. ನಮ್ಮ ಅವ್ವಂದಿರು, ಅಕ್ಕಂದಿರು ಇದನ್ನ ಅವಶ್ಯ ಕೇಳಬೇಕು.

ರಮಾತಾಯಿ ಕೆಲವು ದಿನ ಇರೋಕೆ ಅಂತ ಧಾರವಾಡಕ್ಕೆ, ವರಾಳೆಯವರ ಮನೆಗೆ ಬಂದಿದ್ದರು. ಹಾಸ್ಟೆಲ್ ಮಕ್ಕಳು ಅಂಗಳದಲ್ಲಿ ಆಡೋರು, ತಾಯಿಗೆ ಅವರ ಮೇಲೆ ಅಕ್ಕರೆ. ಒಂದೆರಡು ದಿನ ಮಕ್ಕಳು ಆಡೋಕೆ ಬರಲಿಲ್ಲ. ಯಾಕೆ ಅಂತ ಕೇಳಿದರು. ಸರ್ಕಾರದ ಅನುದಾನ ಬಂದಿಲ್ಲ, ಕಾಳುಕಡಿ ಮುಗಿದಿದೆ, ಮಕ್ಕಳು ಹಸಿದಿದ್ದಾರೆ ಅಂತ ಗೊತ್ತಾಯ್ತು. ಆ ತಾಯಿ ಒಳಗೆ ಹೋಗಿ ತಮ್ಮ ಬಂಗಾರದ ಬಳೆ ತಂದು ವರಾಳೆಯವರ ಕೈಗಿಟ್ಟು, ಇದನ್ನ ಅಡವಿಡು, ಮಾರು, ಏನಾದ್ರೂ ಮಾಡು, ಮೊದಲು ಮಕ್ಕಳಿಗೆ ಊಟ ಹಾಕು ಅನ್ನೋ ಅರ್ಥದ ಮಾತು ಹೇಳಿದರು. ಮಕ್ಕಳು ಉಂಡರು.

ತನ್ನ ಹೊಟ್ಟೆಯ ಮಕ್ಕಳಲ್ಲಿ ನಾಲ್ಕು ಮಕ್ಕಳನ್ನ ಮಣ್ಣಿಗೆ ಕೊಟ್ಟ ತಾಯಿ ಅವರು. ಹಸಿದ ಮಗು ಹಾಸ್ಟೆಲ್ಲಿನಲ್ಲಿ ನಿಲ್ಲೋದಿಲ್ಲ, ಊರಿಗೆ ಹೋದರೆ ತಿರುಗಿ ಬರೋದಿಲ್ಲ ಅನ್ನೋದನ್ನ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇದನ್ನ ಯಾಕೆ ಇಷ್ಟು ವಿವರವಾಗಿ ಹೇಳ್ತಿದ್ದೀನಿ ಅಂದ್ರೆ, ಅನುದಾನ ಬರದೆ ನಿಂತ ಹಾಸ್ಟೆಲ್ ಅಂದ್ರೆ ಏನು ಅಂತ ನನಗೆ ಗೊತ್ತು.

ನಾನು ಆರನೇ ಕ್ಲಾಸಿಗೆ ತಾಲೂಕಿನ ಹಾಸ್ಟೆಲ್ ಸೇರಿದೆ. ಒಂದು ತಗಡಿನ ಟ್ರಂಕು, ಒಂದು ಗಂಗಾಳ, ಅವ್ವ ಹೊಲಿದ ಕೌದಿ. ಎರಡನೇ ವರ್ಷ ದಸರಾ ಮುಗಿದ ಮೇಲೆ ವಾಪಸ್ ಬಂದರೆ ರೇಷನ್ ಬಂದಿರಲಿಲ್ಲ. "ಬಿಲ್ ಪಾಸ್ ಆಗಿಲ್ಲ, ನಾಲ್ಕು ದಿನ ಊರಿಗೆ ಹೋಗಿ ಬರ್ರಿ" ಅಂದರು ವಾರ್ಡನ್. ನಾಲ್ಕು ದಿನ ಹೋಗಿ ಹದಿನೈದು ದಿನ ಆಯ್ತು. ಅಷ್ಟರಲ್ಲಿ ಸುಗ್ಗಿ ಹತ್ತಿರ ಬಂತು. ಊರಲ್ಲಿ ಕಣ್ಣಿಗೆ ಬಿದ್ದ ಹುಡುಗನನ್ನ ಯಾರು ಸುಮ್ಮನೆ ಬಿಡ್ತಾರೆ? ಗೌಡರ ಮನೆಯಿಂದ ಕರೆ ಬರುತ್ತೆ, ದನ ಕಾಯೋಕೆ ಆಳು ಬೇಕು, ಅಪ್ಪನ ಮೇಲೆ ಸಾಲ ಇದೆ. ಬೇಡ ಅನ್ನೋಕೆ ಬಾಯಿ ಇಲ್ಲ.

ನನ್ನನ್ನ ಕಳಿಸೋಕೆ ಅಪ್ಪ ತಯಾರಾಗಿದ್ದ. ಆಗ ನಮ್ಮಣ್ಣ ಅಡ್ಡ ನಿಂತ. ಅವನು ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ. "ಅಂವನ್ನ ಬ್ಯಾಡ, ನಾ ಹೋಗ್ತೀನಿ. ನಾ ಹೆಂಗೂ ಬಿಟ್ಟೀನಿ" ಅಂದ. ಅಣ್ಣನಿಗೆ ಆಗ ಹದಿನಾಲ್ಕು ವರ್ಷ. ನಾನು ಟ್ರಂಕು ಹೊತ್ತುಕೊಂಡು ವಾಪಸ್ ಹೋದೆ. ನನ್ನ ರೂಮಿನಲ್ಲಿ ನಾವು ಒಂಬತ್ತು ಹುಡುಗರಿದ್ದೆವು. ವಾಪಸ್ ಬಂದವರು ಐದು ಜನ. ಉಳಿದ ನಾಲ್ಕು ಮಂದಿಯ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬಿತ್ತು. ಆ ಗೆರೆ ಪಕ್ಕದಲ್ಲಿ ಬರೆದ ಕಾರಣ: ಪಾಲಕರ ನಿರಾಸಕ್ತಿ.

ಹದಿನೈದು ದಿನ ಅಕ್ಕಿ ಬರಲಿಲ್ಲ ಅಂತ ಎಲ್ಲೂ ಬರೆದಿರಲಿಲ್ಲ.

ಮೇಷ್ಟ್ರೇ, 'ಕಿಮ್ಮತ್ತು ಗೊತ್ತಿಲ್ಲ' ಅನ್ನೋ ಮಾತು ಹುಟ್ಟೋದು ಹೀಗೆ. ಹಾಜರಿ ಪುಸ್ತಕದಲ್ಲಿ ಕಾರಣ ಬರೆಯೋ ಪೆನ್ನು ಯಾರ ಕೈಯಲ್ಲಿದೆಯೋ ಅವರು ಬರೆದದ್ದೇ ಇತಿಹಾಸ ಆಗುತ್ತೆ.

ಅಷ್ಟಾದರೂ ಈ ಹಾಸ್ಟೆಲುಗಳೇ ನಮ್ಮನ್ನ ಕಾಪಾಡಿದ್ದು. ಅದನ್ನ ಮರೆತರೆ ನಾನು ನಾಲಿಗೆ ಇಲ್ಲದವನಾಗ್ತೀನಿ. ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ ಪಟ್ಟು ಹಿಡಿದದ್ದರಿಂದ 1944ರಲ್ಲಿ ಪರಿಶಿಷ್ಟರಿಗೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾಯ್ತು. ಆ ಸ್ಕಾಲರ್‌ಶಿಪ್ ಮತ್ತು ಹಾಸ್ಟೆಲ್, ಎರಡೂ ಸೇರಿ ಕರ್ನಾಟಕದಲ್ಲಿ ಒಂದು ತಲೆಮಾರನ್ನ ಬೆಳೆಸಿದವು. ಕವಿ ಸಿದ್ಧಲಿಂಗಯ್ಯನವರು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಬೆಳೆದವರು. ಅಲ್ಲಿನ ಬಡತನ, ನಗು, ತಂಟೆ ಎಲ್ಲಾ 'ಊರು ಕೇರಿ'ಯಲ್ಲಿದೆ. 1973ರ ನವೆಂಬರ್‌ನಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿನ ಮೇಲೆ ರಾಜ್ಯವೇ ಹತ್ತಿ ಉರಿದಾಗ, ಅವರ ಪರ ಬೀದಿಗೆ ಬಂದವರಲ್ಲಿ ಹೆಚ್ಚಿನವರು ಹಾಸ್ಟೆಲ್ ಹುಡುಗರು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಕಾವಿನಿಂದ. ಹಾಸ್ಟೆಲ್ ಅಂದ್ರೆ ಅನ್ನದ ಜಾಗ ಮಾತ್ರ ಅಲ್ಲ. ಬೇರೆ ಬೇರೆ ಊರಿನ, ಬೇರೆ ಬೇರೆ ಕೇರಿಯ ಹುಡುಗರು ಒಂದು ಕಡೆ ಮಲಗಿ ಎದ್ದು, ನಿನ್ನೂರಲ್ಲೂ ಹಿಂಗೇನಾ ಅಂತ ಒಬ್ಬರನ್ನೊಬ್ಬರು ಕೇಳಿಕೊಂಡ ಜಾಗ. ನನ್ನೊಬ್ಬನ ಹಣೆಬರಹ ಅಂದುಕೊಂಡಿದ್ದು ಹಣೆಬರಹ ಅಲ್ಲ, ವ್ಯವಸ್ಥೆ ಅಂತ ಗೊತ್ತಾದ ಜಾಗ.

ಈಗ ಇವತ್ತಿಗೆ ಬರ್ತೀನಿ.

2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕು ಅಂತ ಹೇಳಿತು. ಅದಾದ ಮೇಲೆ ನಮ್ಮಲ್ಲಿ ಅಕ್ಷರ ದಾಸೋಹ ಬಂತು. 2004ರಲ್ಲಿ ಅದೇ ಕೋರ್ಟು, ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಅಂದಿತು. ಆದರೂ ನಮ್ಮ ಅಕ್ಕ ಬೇಯಿಸಿದ ಅನ್ನ ಬೇಡ ಅಂತ ಮಕ್ಕಳ ಟೀಸಿ ಕೇಳಿದವರ ಸುದ್ದಿ ಪೇಪರಿನಲ್ಲಿ ಬರ್ತಾನೇ ಇದೆ. 1856ರ ಭಯ, 1915ರ ಸಿಟ್ಟು, ಇವತ್ತಿನ ಟೀಸಿ, ಮೂರೂ ಒಂದೇ ಬಳ್ಳಿಯ ಕಾಯಿ.

2010ರ ಏಪ್ರಿಲ್‌ನಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವಿಗೆ ಅದು ಹಕ್ಕು. ಟೀಸಿ ಇಲ್ಲ ಅಂತ ಅಡ್ಮಿಶನ್ ತಡೆಯೋ ಹಾಗಿಲ್ಲ. ಮಧ್ಯದಲ್ಲಿ ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಬೇಕು. ಹೊಡೆಯೋ ಹಾಗಿಲ್ಲ, ಹೀಯಾಳಿಸೋ ಹಾಗಿಲ್ಲ. ಇದೆಲ್ಲಾ ಕಾಗದದಲ್ಲಿದೆ, ಇದನ್ನ ಹಿಡಿದುಕೊಂಡೇ ನಾವು ಜಗಳ ಆಡಬೇಕು. ಆದರೆ 14ಕ್ಕೆ ಆ ಹಕ್ಕು ಮುಗಿಯುತ್ತೆ. ಎಂಟನೇ ಕ್ಲಾಸು ದಾಟಿದ ಕೂಡಲೇ ಮಗು ಕಾಯ್ದೆಯ ಕೊಡೆಯಿಂದ ಹೊರಗೆ. ಸರಿಯಾಗಿ ಅದೇ ವಯಸ್ಸಿಗೆ ಕೂಲಿಯವರಿಗೆ ಆ ಮಗು ಉಪಯೋಗಕ್ಕೆ ಬರೋ ಹಾಗೆ ಬೆಳೆದಿರುತ್ತೆ.

ನಮ್ಮ ಪಕ್ಕದೂರಿನ ಕೇರಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹೆಸರು ಬೇಡ. ಈ ವರ್ಷ ಒಂಬತ್ತನೇ ಕ್ಲಾಸಿಗೆ ಹೋಗಬೇಕಿತ್ತು. ಹತ್ತಿ ಬೀಜದ ಪ್ಲಾಟಿಗೆ ಹೋಗ್ತಿದ್ದಾಳೆ, ಕ್ರಾಸಿಂಗ್ ಕೆಲಸಕ್ಕೆ. ಬೆಳಗ್ಗೆ ಹೂವಿನ ಪರಾಗ ಮುಟ್ಟಿಸೋದು, ಸಂಜೆ ನಾಳೆ ಅರಳೋ ಮೊಗ್ಗು ಬಿಡಿಸೋದು. ಸಣ್ಣ ಕೈ ಬೇಕು ಅಂತ ಹೆಣ್ಣುಮಕ್ಕಳನ್ನೇ ಕರೀತಾರೆ. ನಾವು ಮೂವರು ಮನೆಗೆ ಹೋದೆವು. ಅವಳ ಅವ್ವ ಚಾಪೆ ಹಾಸಿ ಕೂರಿಸಿ ಹೇಳಿದ ಮಾತು ಇದು:

"ಯಣ್ಣಾ, ಸಾಲಿ ಕಲೀಲಿ ಅಂತ ನನಗೂ ಐತಿ. ಹೈಸ್ಕೂಲು ಆರು ಕಿಲೋಮೀಟ್ರು. ಮುಂಜಾನೆ ಒಂದ ಬಸ್ಸು, ಸಂಜೀಕ ಒಂದ ಬಸ್ಸು. ಸಂಜೀ ಬಸ್ಸು ತಪ್ಪಿದ್ರ ಕತ್ತಲಾಗ ನನ್ನ ಮಗಳು ಯಾರ ಹೊಲದ ದಂಡಿ ಹಿಡದು ಬರಬೇಕು? ಅದನ್ನ ಹೇಳು, ನಾಳೆನ ಕಳಸ್ತೀನಿ."

ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಾವು ಹಕ್ಕಿನ ಭಾಷಣ ತಯಾರು ಮಾಡಿಕೊಂಡು ಹೋಗಿದ್ದೆವು. ಆ ತಾಯಿ ಬಸ್ಸಿನ ಟೈಮು ಕೇಳಿದಳು. ಅವಳಿಗೆ ಓದಿನ ಕಿಮ್ಮತ್ತು ಗೊತ್ತಿತ್ತು. ಮಗಳ ಕಿಮ್ಮತ್ತೂ ಗೊತ್ತಿತ್ತು.

ಮರುದಿನದಿಂದ ನಾವು ಭಾಷಣ ಬಿಟ್ಟು ಓಡಾಟ ಶುರು ಮಾಡಿದೆವು. ಬಾಲಕಿಯರ ಹಾಸ್ಟೆಲಿಗೆ ಅರ್ಜಿ, ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪು, ಅದನ್ನ ಸರಿ ಮಾಡಿಸೋಕೆ ಎರಡು ಸಲ ತಾಲೂಕು ಕಚೇರಿ. ಒಂದು ಸಲ ಹೋಗಿ ಬಂದರೆ ಆ ತಾಯಿಗೆ ಒಂದು ದಿನದ ಕೂಲಿ ಹೋಗುತ್ತೆ. ಅದಕ್ಕೇ ನಾವೇ ಹೋಗ್ತಿದ್ದೀವಿ. ಇದನ್ನ ಬರೆಯೋ ಹೊತ್ತಿಗೆ ಸೀಟು ಇನ್ನೂ ಆಗಿಲ್ಲ. ಹುಡುಗಿ ಇನ್ನೂ ಹತ್ತಿ ಹೊಲದಲ್ಲೇ ಇದ್ದಾಳೆ. ಗೆದ್ದೆವು ಅಂತ ಬರೆಯೋಕೆ ನನಗೂ ಆಸೆ, ಆದರೆ ಸುಳ್ಳು ಬರೆಯಲಾರೆ.

ಗೆಳೆಯರೇ, ಏಪ್ರಿಲ್ 14ಕ್ಕೆ ನಾವು ದೊಡ್ಡ ಮೆರವಣಿಗೆ ಮಾಡ್ತೀವಿ. ಡಿಜೆ ಹಾಕ್ತೀವಿ, ಕಟೌಟ್ ನಿಲ್ಲಿಸ್ತೀವಿ. ಮಾಡೋಣ, ಅದೂ ನಮ್ಮ ಹಬ್ಬ. ಆದರೆ ಬಾಬಾಸಾಹೇಬರು ಕಟ್ಟಿದ್ದು ಹಾಸ್ಟೆಲು, ರಮಾತಾಯಿ ಬಿಚ್ಚಿಕೊಟ್ಟದ್ದು ಬಳೆ. ಅವರ ದಾರಿ ಅಂದ್ರೆ ಇದೂ ಸೇರಿದೆ.

ನಾನು ಕೇಳೋದು ಇಷ್ಟೇ. ನಿಮ್ಮ ಕೇರಿಯಲ್ಲಿ ಏಳು, ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು ಎಷ್ಟಿದ್ದಾರೆ, ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಆ ಹೆಸರುಗಳನ್ನ ವಿಚಾರಿಸಿ. ಒಂದು ಮಗು ಒಂದು ವಾರ ಶಾಲೆಗೆ ಹೋಗಿಲ್ಲ ಅಂದ್ರೆ ಮನೆಗೆ ಹೋಗಿ, ಉಪದೇಶ ಮಾಡಬೇಡಿ, ಯಾಕೆ ಅಂತ ಕೇಳಿ. ಕಾಗದ ಬೇಕಿದ್ದರೆ ನೀವು ಓಡಾಡಿ. ಹಾಸ್ಟೆಲಿಗೆ ತಿಂಗಳಿಗೊಮ್ಮೆ ಹೋಗಿ ಅಡುಗೆ ಮನೆಯ ಡಬ್ಬಿ ತೆರೆದು ನೋಡಿ, ಮಕ್ಕಳ ಜೊತೆ ಕೂತು ಉಣ್ಣಿ. ಸ್ಕಾಲರ್‌ಶಿಪ್ ಬಂದಿಲ್ಲ ಅಂದ್ರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶಾಲಾ ಅಭಿವೃದ್ಧಿ ಸಮಿತಿಯಲ್ಲಿ ನಮ್ಮ ಅವ್ವಂದಿರು ಕೂರೋ ಹಾಗೆ ನೋಡಿಕೊಳ್ಳಿ. ಮತ್ತೆ ಹಾಜರಿ ಪುಸ್ತಕದಲ್ಲಿ 'ಪಾಲಕರ ನಿರಾಸಕ್ತಿ' ಅಂತ ಬರೆಯೋಕೆ ಪೆನ್ನು ಎತ್ತಿದಾಗ, ನಿಜವಾದ ಕಾರಣ ಬರೀರಿ ಅಂತ ಹೇಳೋಕೆ ಅಲ್ಲಿ ನಮ್ಮವರೊಬ್ಬರು ನಿಂತಿರಲಿ.

ಈ ಪೋಸ್ಟು ಹಾಕೋಕೆ ಮುಂಚೆ ನಮ್ಮಣ್ಣನಿಗೆ ಓದಿ ಹೇಳಿದೆ. ನಾನು ಬರೆದದ್ದನ್ನೆಲ್ಲಾ ಅವನಿಗೆ ಓದಿ ಹೇಳೋದು ರೂಢಿ, ಉದ್ದ ಬರೆದದ್ದು ಅವನಿಗೆ ಓದೋಕೆ ತ್ರಾಸು. ತನ್ನ ವಿಷಯ ಬಂದಾಗ ನೆಲ ನೋಡ್ತಾ ಕೂತಿದ್ದ. ಎಲ್ಲಾ ಮುಗಿದ ಮೇಲೆ ಕೇಳಿದ:

"ಆ ಧಾರವಾಡದ ಹುಡುಗ ಮುಂದ ಏನಾದ?"

ಗೊತ್ತಿಲ್ಲ ಅಂದೆ.

"ಆ ಹತ್ತಿ ಹೊಲದ ಹುಡುಗೀದು ನಾಳೆ ಯಾವ ಆಫೀಸಿಗೆ ಹೋಗೂದೈತಿ? ನಾನೂ ಬರ್ತೀನಿ" ಅಂದ.

ನಾಳೆ ಇಬ್ಬರೂ ಹೋಗ್ತಿದ್ದೀವಿ.

ಜೈ ಭೀಮ್. ಜೈ ರಮಾತಾಯಿ.